ಜ್ಯೇಷ್ಠಾ ನಕ್ಷತ್ರದ ಬಣ್ಣ

ಕಡಬ ಪೇಟೆಯಲ್ಲಿ ಸಿಲ್ವಿಯದೊಂದು ಫೋಟೋ ಸ್ಟುಡಿಯೋ ಇದೆ. ಸಿಲ್ವಿ ನೆಲ್ಯಾಡಿ ಕಡೆಯ ರಬ್ಬರ್ ಕೃಷಿಕರ ಮಗಳು. ಅವಳ ಜೊತೆ ಕೆಲಸ ಮಾಡುವ ಮಿಸ್ರಿಯಾ ಕುಂಬ್ರದವಳು. ಬ್ಯಾರಿ ಮುಸ್ಲಿಮರ ಮದುವೆಯಲ್ಲಿ ಹೆಂಗಸರ ಕಡೆಯ ಫೋಟೋ ತೆಗೆಯಲು ಹೆಂಗಸರೇ ಬೇಕು. ಹಾಗಾಗಿ ಪುತ್ತೂರಿನಿಂದ ಜಾಲ್ಸೂರಿನವರೆಗೂ ಇಬ್ಬರಿಗೂ ಕೈತುಂಬ ಕೆಲಸ.

ಆ ವರ್ಷ ರಂಜಾನ್ ಉಪವಾಸವೂ ಈಸ್ಟರ್‌ಗೆ ಮುಂಚಿನ ಕ್ರೈಸ್ತರ ನೋಂಬೂ ಒಂದೇ ಸಮಯಕ್ಕೆ ಬಂದವು. ಎರಡೂ ಕಡೆ ಮದುವೆಗಳು ನಿಂತವು. ಮದುಮಗಳ ಮುಖವನ್ನು ಹತ್ತಿರದಿಂದ ತೆಗೆಯುವ ದೊಡ್ಡ ಲೆನ್ಸು ಚೀಲದಲ್ಲೇ ಉಳಿಯಿತು. ಸಿಲ್ವಿ ಈ ಬಿಡುವಿಗಾಗಿ ಬಹಳ ದಿನಗಳಿಂದ ಕಾಯುತ್ತಿದ್ದಳು. ವೃಶ್ಚಿಕ ರಾಶಿಯಲ್ಲಿ ಜ್ಯೇಷ್ಠಾ ಎಂಬ ಕೆಂಪು ನಕ್ಷತ್ರವಿದೆ. ಅದರ ಸುತ್ತ ಧೂಳಿನ, ಅನಿಲದ ಮೋಡಗಳು ಹಳದಿ, ನೀಲಿ, ಗುಲಾಬಿ ಬಣ್ಣಗಳಲ್ಲಿ ಹರಡಿಕೊಂಡಿವೆ. ದೂರದರ್ಶಕವೇ ಬೇಕೆಂದಿಲ್ಲ, ಅವಳಲ್ಲಿರುವಂಥ ಲೆನ್ಸಿನಲ್ಲೇ ಅವನ್ನು ಹಿಡಿಯಬಹುದು ಎಂದು ಅವಳಿಗೆ ಗೊತ್ತಿತ್ತು. ಭೂಮಿ ತಿರುಗುವ ವೇಗಕ್ಕೆ ಸರಿಯಾಗಿ ಕ್ಯಾಮೆರಾವನ್ನು ಮೆಲ್ಲಗೆ ತಿರುಗಿಸುವ ಪುಟ್ಟ ಯಂತ್ರವೊಂದನ್ನು ತರಿಸಿಕೊಂಡಿದ್ದಳು.

ಫೆಬ್ರವರಿಯ ಅಮಾವಾಸ್ಯೆಗೆ ಅವರ ಗುಡ್ಡದ ರಬ್ಬರ್ ಮರಗಳು ಎಲೆಯೆಲ್ಲ ಉದುರಿಸಿಕೊಂಡು ನಿಂತಿದ್ದವು. ಸಿಲ್ವಿ ನಸುಕಿಗೆ ಮೊದಲೇ ಎದ್ದು, ಬೋಳು ಕೊಂಬೆಗಳ ನಡುವಿನ ಕಿಂಡಿಯಲ್ಲಿ ಕ್ಯಾಮೆರಾ ಇಟ್ಟು ಮೊದಲ ಚಿತ್ರ ತೆಗೆದಳು. ಉತ್ತರದಲ್ಲಿ ಧ್ರುವ ನಕ್ಷತ್ರ ಕಂಡರೆ ಯಂತ್ರವನ್ನು ಸರಿಯಾಗಿ ನಿಲ್ಲಿಸಬಹುದಿತ್ತು. ಆದರೆ ಅವರ ಮನೆಯ ಉತ್ತರಕ್ಕೆ ಗುಡ್ಡ ಅಡ್ಡ. ಅಂದಾಜಿನ ಮೇಲೆ ನಿಲ್ಲಿಸಿದ್ದರಿಂದ ನಕ್ಷತ್ರಗಳು ಚೂರು ಉದ್ದುದ್ದ ಬಂದಿದ್ದವು. ಆದರೂ ಬಣ್ಣ ಬಂದಿತ್ತು. ಅದನ್ನು ದೊಡ್ಡದಾಗಿ ಪ್ರಿಂಟ್ ಮಾಡಿ ಸ್ಟುಡಿಯೋದ ಗೋಡೆಗೆ ಹಾಕಿದಳು.

ಯಾರೂ ನಂಬಲಿಲ್ಲ. ಬಂದವರೆಲ್ಲ ಯಾವ ಆ್ಯಪಿನಲ್ಲಿ ಮಾಡಿದ್ದು ಎಂದು ಕೇಳಿದರು. ಚಿಕ್ಕಪ್ಪನ ಮಗ ಲಿಜೋ, ಎಡಿಟಿಂಗ್ ಚೆಂದ ಆಗಿದೆ ಎಂದು ಹೊಗಳಿಯೇ ಹೋದ. ಎಲ್ಲರಿಗಿಂತ ಹೆಚ್ಚು ನೋಯಿಸಿದ್ದು ತಾಯಿ ಮೇರಿಕುಟ್ಟಿ.

"ಆಲಂಕಾರಿನ ಜಸ್ಟಿನ್‌ನ ಮದುವೆ ಆಲ್ಬಮ್‌ಗೆ ಹಿಂದೆ ಹಿಮದ ಬೆಟ್ಟ ಹಾಕಿ ಕೊಟ್ಟವಳು ನೀನೇ ಅಲ್ವಾ?" ಎಂದರು ಅವರು. "ಇದೂ ಹಾಗೇ ಮಾಡಿದ್ದು ಅಂತ ಜನ ಹೇಳಿದ್ರೆ ಅವರ ತಪ್ಪು ಎಂತ ಉಂಟು?"

ಮಿಸ್ರಿಯಾ ಪಕ್ಕದಲ್ಲಿ ಬಾಯಿಗೆ ಶಾಲಿನ ತುದಿ ಒತ್ತಿಕೊಂಡು ನಗುತ್ತಿದ್ದಳು. ಆ ಹಿಮದ ಬೆಟ್ಟವನ್ನು ಆರಿಸಿದವಳು ಅವಳೇ.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಪಾಸ್‌ಪೋರ್ಟ್ ಅಳತೆಯ ಫೋಟೋಕ್ಕೆಂದು ಮೇದಪ್ಪ ಎಂಬ ಹಿರಿಯರು ಬಂದರು. ಸುಳ್ಯ ತಾಲೂಕಿನ ಕಾಡಿನಂಚಿನಲ್ಲಿ ಅವರ ಮನೆ. ಫೋಟೋ ತೆಗೆಸಿಕೊಂಡ ಮೇಲೂ ಅವರು ಹೊರಡದೆ ಗೋಡೆಯ ಚಿತ್ರದ ಮುಂದೆ ಬಹಳ ಹೊತ್ತು ನಿಂತರು. ಇದು ಎಲ್ಲಿಯದು ಎಂದು ಕೇಳಿದರು. ಆಕಾಶದ್ದು ಎಂದಳು ಸಿಲ್ವಿ.

"ನೋಡು ಮಗಳೇ, ಆನೆ ಓಡಿಸ್ಲಿಕ್ಕೆ ಅಂತ ಅರ್ಧ ಆಯುಷ್ಯ ರಾತ್ರಿ ಎದ್ದು ಕೂತವ ನಾನು. ಈ ಕೆಂಪು ನಕ್ಷತ್ರ ನಂಗೆ ಗುರ್ತ ಉಂಟು. ಅದರ ಹತ್ರ ಇಂಥ ಬಣ್ಣ ಇಲ್ಲ."

ಕಣ್ಣಿಗೆ ಆಯಾ ಕ್ಷಣದ ಬೆಳಕಷ್ಟೇ ಕಾಣುವುದು, ಕ್ಯಾಮೆರಾ ನಿಮಿಷಗಟ್ಟಲೆ ಬೆಳಕನ್ನು ಕೂಡಿಸಿಕೊಳ್ಳುತ್ತದೆ, ಅದಕ್ಕೇ ಬಣ್ಣ ಬರುತ್ತದೆ ಎಂದು ಸಿಲ್ವಿ ವಿವರಿಸಿದಳು. ಮೇದಪ್ಪ ತಮ್ಮ ಮನೆಯ ಹಿಂದೆ ದೊಡ್ಡದೊಂದು ಪಾದೆ ಇದೆ, ಆ ಬಂಡೆಯ ಮೇಲೆ ನಿಂತರೆ ಉತ್ತರವೂ ದಕ್ಷಿಣವೂ ಬಯಲು, ಕರೆಂಟಿನ ದೀಪ ಒಂದೂ ಇಲ್ಲ ಎಂದರು.

"ಅಲ್ಲಿಗೆ ಬಾ. ನನ್ನ ಎದುರೇ ತೆಗಿ. ಬಂದ್ರೆ ಒಪ್ಪುದು."

ಅವರದು ತಮಾಷೆಯೋ ಸವಾಲೋ ಸಿಲ್ವಿಗೆ ತಿಳಿಯಲಿಲ್ಲ. ಉತ್ತರ ಬಯಲು ಎಂಬ ಮಾತಿಗೇ ಅವಳು ಒಪ್ಪಿಬಿಟ್ಟಳು. ಕಾಡಿನ ಅಂಚಿಗೆ ಇಬ್ಬರೇ ಹೆಂಗಸರು ರಾತ್ರಿ ಹೋಗುವುದು ಬೇಡವೆಂದು ಮೇರಿಕುಟ್ಟಿ ಹಟ ಹಿಡಿದು, ಮಂಡಿ ನೋವಿದ್ದರೂ ತಾವೂ ಕಾರು ಹತ್ತಿದರು. ಮಗಳು ಏನು ಮಾಡುತ್ತಾಳೆಂದು ನೋಡುವ ಆಸೆಯೂ ಅವರಿಗೆ ಇದ್ದಿರಬೇಕು.

ಅಮಾವಾಸ್ಯೆಗೆ ಹತ್ತಿರದ ಒಂದು ಸಂಜೆ ಅವರು ಅಲ್ಲಿಗೆ ತಲುಪಿದರು. ಮೇದಪ್ಪನವರ ಹೆಂಡತಿ ಗೋದಾವರಿ, ಮಿಸ್ರಿಯಾಳ ಉಪವಾಸ ಬಿಡುವ ಹೊತ್ತು ಯಾವುದೆಂದು ಮೊದಲೇ ಕೇಳಿಕೊಂಡು ಎಳನೀರು ಕೆತ್ತಿಟ್ಟಿದ್ದರು. ನೋಂಬಿನಲ್ಲಿ ಮೀನು ಮಾಂಸ ಮುಟ್ಟದ ಮೇರಿಕುಟ್ಟಿಗೆ ಎಳೆ ಹಲಸಿನ ಗುಜ್ಜೆಯ ಪಲ್ಯ ಮಾಡಿದ್ದರು. ಉಂಡು ಎಲ್ಲರೂ ಜಗಲಿಯಲ್ಲಿ ಸ್ವಲ್ಪ ನಿದ್ದೆ ಮಾಡಿದರು. ಉಪವಾಸ ಹಿಡಿಯುವ ಮೊದಲಿನ ಸಹರಿ ಊಟಕ್ಕೆಂದು ಮಿಸ್ರಿಯಾ ಬೇಗನೆ ಎದ್ದು ಉಳಿದವರನ್ನೂ ಎಬ್ಬಿಸಿದಳು.

ಪಾದೆಯ ಮೇಲೆ ಹತ್ತಿದಾಗ ಕತ್ತಲೆಗೆ ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ನಕ್ಷತ್ರಗಳು ಒಂದರ ಮೇಲೊಂದು ಎದ್ದು ಬಂದಂತೆ ಕಂಡವು. ಉತ್ತರದಲ್ಲಿ ಎರಡು ತಾಳೆಮರಗಳ ನಡುವೆ ತಗ್ಗಿನಲ್ಲಿ ಧ್ರುವ ನಕ್ಷತ್ರ ಸಿಕ್ಕಿತು. ಸಿಲ್ವಿ ಯಂತ್ರವನ್ನು ಅದಕ್ಕೆ ಹೊಂದಿಸಿ, ಲೆನ್ಸನ್ನು ದಕ್ಷಿಣಕ್ಕೆ, ಜ್ಯೇಷ್ಠಾ ಕಡೆಗೆ ತಿರುಗಿಸಿ ಗುಂಡಿ ಒತ್ತಿದಳು. ಎರಡು ನಿಮಿಷ ಲೆನ್ಸು ಬೆಳಕನ್ನು ಕೂಡಿಸಿಕೊಂಡಿತು.

ತೆರೆಯ ಮೇಲೆ ಬಂದದ್ದು ಬರೀ ಬಿಳಿ ಮಸುಕು. ಸಿಲ್ವಿ ಲೆನ್ಸು ಮುಟ್ಟಿ ನೋಡಿದರೆ ಗಾಜಿನ ಮೇಲೆಲ್ಲ ಇಬ್ಬನಿ. ಒರೆಸಿದಳು, ಮತ್ತೆ ಕೂತಿತು. ಲೆನ್ಸನ್ನು ಸ್ವಲ್ಪ ಬೆಚ್ಚಗೆ ಇಡದೆ ಬೇರೆ ದಾರಿ ಇರಲಿಲ್ಲ, ಅದಕ್ಕೆ ಬೇಕಾದ, ಬ್ಯಾಟರಿಯಿಂದ ಬಿಸಿಯಾಗುವ ಪಟ್ಟಿ ಅವಳಲ್ಲಿ ಇರಲಿಲ್ಲ. ಇಷ್ಟು ಜನರನ್ನು ನಿದ್ದೆಗೆಡಿಸಿ ಬರಿಗೈಯಲ್ಲಿ ಇಳಿಯಬೇಕಾಯಿತಲ್ಲ ಎಂದು ಅವಳಿಗೆ ಅಳುವೇ ಬಂದಂತಾಯಿತು.

ಆಗ ಮೇರಿಕುಟ್ಟಿ ತಮ್ಮ ಮಂಡಿಗೆ ಕಟ್ಟಿಕೊಂಡಿದ್ದ ಉಪ್ಪಿನ ಕಿಳಿಯನ್ನು ಬಿಚ್ಚಿದರು. ಪಾದೆ ಹತ್ತುವ ಮೊದಲಷ್ಟೇ ಹುರಿದ ಉಪ್ಪನ್ನು ಬಟ್ಟೆಯಲ್ಲಿ ಕಟ್ಟಿದ ಆ ಗಂಟು ಇನ್ನೂ ಬಿಸಿಯಾಗಿತ್ತು. "ಇದು ಸಾಕಾಗ್ತದಾ ನೋಡು," ಎಂದು ತಾವೇ ಅದನ್ನು ಲೆನ್ಸಿನ ಸುತ್ತ ಕಟ್ಟಿದರು. ಗೋದಾವರಿ ಇನ್ನೊಂದು ಗಂಟಿಗೆ ಉಪ್ಪು ಹುರಿಯಲು ಕೆಳಗೆ ಇಳಿದರು. ಸ್ವಲ್ಪ ಹೊತ್ತಿನಲ್ಲಿ ಗಾಜು ತಿಳಿಯಾಯಿತು.

ಸಿಲ್ವಿ ಮತ್ತೆ ಒತ್ತಿದಳು. ಈ ಸಲ ತೆರೆಯ ಮೇಲೆ ನಕ್ಷತ್ರಗಳು ಸಾಸಿವೆ ಚೆಲ್ಲಿದಂತೆ ಗುಂಡಗೆ ಬಂದವು. ಅವುಗಳ ನಡುವೆ, ತೆಳುವಾಗಿ ಆದರೂ ಸ್ಪಷ್ಟವಾಗಿ, ಒಂದು ಕಡೆ ಹಳದಿ, ಅದರ ಪಕ್ಕದಲ್ಲಿ ನೀಲಿ. ಕಂಪ್ಯೂಟರ್ ಮುಟ್ಟಿರಲಿಲ್ಲ. ಮಿಸ್ರಿಯಾ ಸಿಲ್ವಿಯ ಕೈ ಹಿಡಿದುಕೊಂಡಳು.

ಮೇದಪ್ಪ ಬಗ್ಗಿ ನೋಡಿದರು. ತಲೆಯ ಮೇಲಿದ್ದ ಮುಟ್ಟಾಳೆಯನ್ನು ತೆಗೆದು ಲೆನ್ಸಿನ ಮೇಲೆ ಕವುಚಿ, ಈಗ ತೆಗಿ ಎಂದರು. ಅಡಿಕೆ ಹಾಳೆಯ ಆ ಟೊಪ್ಪಿಯ ಒಳಗಿನಿಂದ ಬಂದದ್ದು ಬರೀ ಕಪ್ಪು. ಮುಟ್ಟಾಳೆ ತೆಗೆಸಿ, ಲೆನ್ಸನ್ನು ಪೂರ್ವದ ಕಡೆಗೆ ತಿರುಗಿಸಲು ಹೇಳಿದರು. ಅಲ್ಲಿ ನಕ್ಷತ್ರಗಳು ಮಾತ್ರ ಬಂದವು, ಬಣ್ಣ ಬರಲಿಲ್ಲ. ಮತ್ತೆ ಜ್ಯೇಷ್ಠಾ ಕಡೆಗೆ ತಿರುಗಿಸಿದರೆ ಅದೇ ಹಳದಿ, ಅದೇ ನೀಲಿ, ಅದೇ ಜಾಗದಲ್ಲಿ. ಅವರು ಮುಟ್ಟಾಳೆಯನ್ನು ತಲೆಗೆ ಇಟ್ಟುಕೊಂಡು ಬಂಡೆಯ ಮೇಲೆ ಕೂತರು.

"ಉಂಟು," ಎಂದರು. "ನಂಗೆ ಕಾಣಲಿಲ್ಲ ಅಷ್ಟೇ."

ಮೇರಿಕುಟ್ಟಿ ಕ್ಯಾಮೆರಾದ ತೆರೆಯನ್ನೂ ಆಕಾಶವನ್ನೂ ಒಂದಾದ ಮೇಲೊಂದರಂತೆ ನೋಡುತ್ತಿದ್ದರು. ಗಂಡ ಜೋಸ್ ಜೊತೆ ಅವರು ವರ್ಷಗಟ್ಟಲೆ ಇದೇ ಹೊತ್ತಿಗೆ ಹಣೆಗೆ ದೀಪ ಕಟ್ಟಿಕೊಂಡು ರಬ್ಬರ್ ಮರಗಳ ತೊಗಟೆ ಕೆತ್ತಿ ಹಾಲು ಇಳಿಸುವ ಟ್ಯಾಪಿಂಗ್ ಮಾಡಿದವರು.

"ಆಗ್ಲೂ ಇದು ಹೀಗೇ ಇತ್ತಾ ಸಿಲ್ವಿ?"

"ಹೀಗೇ ಇತ್ತು, ಅಮ್ಮಚ್ಚಿ."

"ನಾನು ಮರದ ತೊಗಟೆ ನೋಡುದ್ರಲ್ಲೇ ಇದ್ದೆ," ಎಂದು ಅವರು ನಕ್ಕರು. ಆ ನಗುವಿನಲ್ಲಿ ಬೇಸರ ಇರಲಿಲ್ಲ. ಮಗಳ ಭುಜಕ್ಕೆ ಕೈ ಹಾಕಿ, ಇನ್ನೂ ಎಷ್ಟು ತೆಗೆಯಬೇಕೋ ತೆಗಿ, ಉಪ್ಪು ಬಿಸಿ ಮಾಡಿ ಕೊಡುವುದು ನನಗಿರಲಿ ಎಂದರು. ಪೂರ್ವ ಬೆಳಗಾಗುವವರೆಗೂ ಎರಡು ಕಿಳಿಗಳು ಅಡುಗೆಮನೆಗೂ ಪಾದೆಗೂ ಓಡಾಡಿದವು.

ಆ ರಾತ್ರಿಯ ಚಿತ್ರಗಳನ್ನೆಲ್ಲ ಒಂದಕ್ಕೊಂದು ಸೇರಿಸಿ ಸಿಲ್ವಿ ಸಿದ್ಧಪಡಿಸಿದ ಫೋಟೋದಲ್ಲಿ ಬಣ್ಣಗಳು ತುಂಬಿಕೊಂಡು ಬಂದವು; ಗುಲಾಬಿ ಮೋಡವೂ ಕಂಡಿತು. ಒಂದು ಪ್ರತಿ ಮೇದಪ್ಪನವರ ಜಗಲಿಗೆ ಹೋಯಿತು, ಒಂದನ್ನು ಮಿಸ್ರಿಯಾ ಹಬ್ಬಕ್ಕೆ ಮನೆಗೆ ಒಯ್ದಳು. ಸ್ಟುಡಿಯೋಗೆ ಬರುವವರು ಈಗಲೂ ಇದು ಎಡಿಟ್ ಎನ್ನುವುದುಂಟು. ಸಿಲ್ವಿ ವಾದ ಮಾಡಲು ಹೋಗುವುದಿಲ್ಲ. ಮೇರಿಕುಟ್ಟಿ ಅಲ್ಲಿದ್ದರೆ ಮಾತ್ರ ಅವರನ್ನು ಸುಮ್ಮನೆ ಬಿಡುವುದಿಲ್ಲ. ಲಿಜೋನನ್ನಂತೂ ಇಗರ್ಜಿಯ ಅಂಗಳದಲ್ಲೇ ನಿಲ್ಲಿಸಿ ಎಲ್ಲವನ್ನೂ ಮೊದಲಿನಿಂದ ಹೇಳಿದ್ದರು.

ಏಪ್ರಿಲ್ ಅಮಾವಾಸ್ಯೆಗೆ ಲಿಜೋ ಕೂಡ ಪಾದೆಗೆ ಬಂದ. ಮೇದಪ್ಪ ತಮ್ಮ ಕಡೆಯಿಂದ ಅಕ್ಕಪಕ್ಕದ ಮನೆಯವರನ್ನೆಲ್ಲ ಕರೆದಿದ್ದರು. ಚಾಪೆ ಹಾಸಿ ಎಲ್ಲರೂ ಅಂಗಾತ ಮಲಗಿ ಕಾಯುತ್ತಿದ್ದಾಗ ಪಶ್ಚಿಮದಿಂದ ಮೋಡ ಏರಿ ಬಂತು, ದೊಡ್ಡ ಹನಿಯ ಮಳೆ ಹೊಯ್ಯಿತು. ಕ್ಯಾಮೆರಾವನ್ನು ಎದೆಗವಚಿಕೊಂಡು ಸಿಲ್ವಿ, ಚಾಪೆಗಳನ್ನು ತಲೆಯ ಮೇಲೆ ಹಿಡಿದುಕೊಂಡು ಉಳಿದವರು, ಎಲ್ಲರೂ ನಗುತ್ತ ಜಗಲಿಗೆ ಓಡಿದರು. ಗೋದಾವರಿ ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ಚಹಾಕ್ಕೆ ನೀರಿಟ್ಟರು.