ಗಣಿತದ ಟೀಚರ್ ಮಂಡಳಿಗೆ ನಿಂತದ್ದು

ಟಿಲ್ಬಿ ಕ್ರೀಕ್ ಶಾಲೆಯ ಎಂಟನೇ ಕ್ಲಾಸಿನ ಸೂರು ಮಳೆ ಬಂದರೆ ಸೋರುತ್ತದೆ, ಮಳೆ ನಿಂತ ಮೇಲೂ ಸೋರುತ್ತದೆ. ಶಾಲಾ ಮಂಡಳಿಯವರು ಮಾತ್ರ ಫುಟ್‌ಬಾಲ್ ಮೈದಾನಕ್ಕೆ ಹೊಸ ಸ್ಕೋರ್‌ಬೋರ್ಡ್ ತರಲು ಹೊರಟಿದ್ದರು. ನಮ್ಮ ಹುಡುಗರು ಗೆದ್ದು ಯಾವ ಕಾಲವಾಯಿತೋ, ಸೋತದ್ದಾದರೂ ದೂರದವರೆಗೆ ಕಾಣಬೇಡವೇ? ಆ ಕ್ಲಾಸಿನಲ್ಲಿ ಗಣಿತ ಕಲಿಸುವ ಲಿನಿಯಾ ಬ್ರೋಡರ್ಸನ್‌ಗೆ ರೇಗಿಹೋಯಿತು. ಬಕೆಟ್ ಇಟ್ಟು ನೀರು ಹಿಡಿದು ಸಾಕಾಗಿ, ಆಕೆ ತಾನೇ ಮಂಡಳಿಯ ಚುನಾವಣೆಗೆ ನಿಂತಳು.

ಇದ್ದದ್ದು ಒಂದೇ ತೊಡಕು. ಶಾಲೆಯಿಂದ ಸಂಬಳ ಪಡೆಯುವವರು ಮಂಡಳಿಯಲ್ಲಿ ಕೂರುವಂತಿಲ್ಲ, ಗೆದ್ದರೆ ಪಾಠ ಬಿಡಬೇಕು. ಲಿನಿಯಾಗೆ ಆ ಕ್ಲಾಸೆಂದರೆ ಜೀವ. ಬಿಡಬೇಡಿ ಟೀಚರ್ ಎಂದು ಊರು ಗೋಗರೆಯುತ್ತದೆ, ಆಗ ತಾನು ಕಣ್ಣೊರೆಸಿಕೊಂಡು ಏನು ಹೇಳಬೇಕು ಎಂಬುದನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡಿಯೂ ಇಟ್ಟುಕೊಂಡಿದ್ದಳು.

ಅಭ್ಯರ್ಥಿಗಳ ಸಭೆ ಶಾಲೆಯ ಊಟದ ಹಾಲ್‌ನಲ್ಲಿ ನಡೆಯಿತು. ಎದುರಾಳಿ ಮರ್ಲ್ ಸ್ಟೂಕ್ ಟ್ರ್ಯಾಕ್ಟರ್ ಮಾರುವವನು, ಮಂಡಳಿಯ ಈಗಿನ ಅಧ್ಯಕ್ಷ. ಲಿನಿಯಾ ಸೂರಿನ ಕಥೆ ಹೇಳುವಷ್ಟು ಹೊತ್ತೂ ಜನ ಸೇಬಿನ ಸಿಹಿ ಪೈ ತಿನ್ನುತ್ತಿದ್ದರು. ಕೊನೆಗೆ ಹಿಂದಿನ ಸಾಲಿನಿಂದ ಒಬ್ಬಾಕೆ ಎದ್ದಳು.

"ಅಲ್ಲಾ ಲಿನಿಯಾ, ಗೆದ್ರೆ ನಿಜವಾಗ್ಲೂ ಪಾಠ ಮಾಡೋದು ಬಿಟ್ಬಿಡ್ತೀಯಾ?"

"ಬಿಡ್ಲೇಬೇಕಲ್ಲ. ಸಂಕಟ ಆಗತ್ತೆ, ಆದ್ರೂ..."

ಮಿಕ್ಕದ್ದು ಚಪ್ಪಾಳೆಯಲ್ಲಿ ಮುಳುಗಿತು. ಪೈ ತಟ್ಟೆ ಕೆಳಗಿಟ್ಟು ಜನ ಎದ್ದು ನಿಂತರು. ಲಿನಿಯಾಗೆ ಕಣ್ಣು ತುಂಬಿ ಬಂತು.

"ಎಷ್ಟು ಪ್ರೀತಿ ನೋಡು ಈ ಜನಕ್ಕೆ," ಎಂದಳು, ಕಾರಿನಲ್ಲಿ ಮಗಳು ಗ್ರೆಟಾಗೆ.

"ಅಮ್ಮಾ, ನಿಂಗೆ ಓಟು ಹಾಕಿ ಅನ್ನೋ ಬೋರ್ಡು ಯಾರ್ಯಾರ ಮನೆ ಮುಂದೆ ನೆಟ್ಟಿದಾರೆ ಅಂತ ಸ್ವಲ್ಪ ನೋಡು."

ಲಿನಿಯಾ ಕಾರು ನಿಧಾನ ಮಾಡಿ ನೋಡಿದಳು. ತಾನು ಫೇಲ್ ಮಾಡಿದ ಮಕ್ಕಳ ಮನೆಗಳು. ಒಂದೂ ಬಿಟ್ಟುಹೋಗಿರಲಿಲ್ಲ. ಮುಂದೆ ಫೇಲಾಗಲಿರುವವರೂ ಮುಂಜಾಗ್ರತೆಯಿಂದ ಒಂದೊಂದು ನೆಟ್ಟಿದ್ದರು.

"ನಿಂಗೂ ನಾನು ಬೇಡ್ವಾ ಗ್ರೆಟಾ?"

"ಬರೋ ವರ್ಷ ನಾನೂ ಎಂಟನೇ ಕ್ಲಾಸಲ್ವಾ? ಮನೇಲೂ ನೀನೇ, ಅಲ್ಲೂ ನೀನೇ ಅಂದ್ರೆ ಯಾರಮ್ಮಾ ತಡ್ಕೋತಾರೆ?"

ಲಿನಿಯಾಗೆ ತುಂಬ ನೋವಾಗಿತ್ತು. ಸ್ಪರ್ಧೆಯಿಂದ ಹಿಂದೆ ಸರಿಯೋಣವೆಂದರೆ ಮತಪತ್ರ ಅಚ್ಚಾಗಿಬಿಟ್ಟಿತ್ತು. ಸರಿ, ಸೋತಾದರೂ ಕ್ಲಾಸು ಉಳಿಸಿಕೊಳ್ಳೋಣವೆಂದು ಮರುದಿನದಿಂದ ಮನೆಮನೆಗೆ ಹೋಗಿ ತನ್ನ ವಿರುದ್ಧ ತಾನೇ ಪ್ರಚಾರಕ್ಕಿಳಿದಳು.

"ನಾನು ಗೆದ್ರೆ ಶಾಲೆ ತೆರಿಗೆ ಏರಿಸ್ತೀನಿ."

"ಏರ್ಸು ತಾಯಿ, ಏರ್ಸು. ನಮ್ಮ ಹುಡ್ಗ ನೆಮ್ಮದಿಯಾಗಿ ನಿದ್ದೆ ಮಾಡಿದ್ರೆ ಸಾಕು."

"ಸ್ಕೋರ್‌ಬೋರ್ಡ್ ಬರಕ್ಕೇ ಬಿಡಲ್ಲ."

"ಬೇಡ ಬಿಡು, ಬೆರಳಲ್ಲಿ ಎಣಿಸ್ಕೋತೀವಿ."

ಎಂಟನೇ ಕ್ಲಾಸಿನ ಗಣಿತ ತಪ್ಪುವುದಾದರೆ ಮನೆ ಮಾರಲೂ ಜನ ತಯಾರಿದ್ದರು. ಹೀಗಾಗಿ ಲಿನಿಯಾ ಗೆದ್ದಳು, ಅದೂ ಊರು ಹಿಂದೆಂದೂ ಕಾಣದಂಥ ಗೆಲುವು. ಸೋತ ಮರ್ಲ್ ಓಡಿಬಂದು ತಬ್ಬಿಕೊಂಡ.

"ನನ್ನ ಓಟೂ ನಿಂಗೇ ಕಣೇ. ನಮ್ಮ ಕಿರಿಯವ್ನು ಈಗ ಏಳನೇ ಕ್ಲಾಸು."

ಹಳೆಯ ಮಂಡಳಿಯ ಕೊನೆಯ ಸಭೆಯಲ್ಲಿ ಉಳಿದಿದ್ದದ್ದು ಒಂದೇ ಕೆಲಸ, ಲಿನಿಯಾ ಟೀಚರ ರಾಜೀನಾಮೆ ಒಪ್ಪಿಕೊಳ್ಳುವುದು. ಹಾಲ್ ಜನರಿಂದ ಕಿಕ್ಕಿರಿದಿತ್ತು. ಮರ್ಲ್ ಪತ್ರ ಓದಿ, ನಿಯಮದಂತೆ ಕೇಳಿದ.

"ಇದಕ್ಕೆ ಯಾರದ್ದಾದ್ರೂ ತಕರಾರು ಇದ್ಯಾ?"

ಲಿನಿಯಾ ಒಂದೊಂದೇ ಮುಖ ನೋಡಿದಳು. ಅವರಿಗೋ ಅವರ ಮಕ್ಕಳಿಗೋ ಭಿನ್ನರಾಶಿ ಕಲಿಸಿದವಳು ಅವಳೇ. ಒಬ್ಬರಾದರೂ, ಸುಮ್ಮನೆ ಮರ್ಯಾದೆಗಾದರೂ ಏಳಬಾರದೇ? ಗ್ರೆಟಾ ತನ್ನ ಶೂಗಳನ್ನೇ ನೋಡುತ್ತಿದ್ದಳು.

ಲಿನಿಯಾ ತಾನೇ ಕೈ ಎತ್ತಿದಳು.

ಸಭೆಯೆಲ್ಲ ಘೊಳ್ಳೆಂದು ನಕ್ಕಿತು. ಇಷ್ಟು ವರ್ಷಗಳಲ್ಲಿ ಗಣಿತದ ಟೀಚರ್ ತಮಾಷೆ ಮಾಡಿದ್ದನ್ನು ಅವರು ಕಂಡದ್ದು ಅದೇ ಮೊದಲು. ಮರ್ಲ್ ನಗುತ್ತಲೇ ಮೇಜಿನ ಮೇಲೆ ಮರದ ಸುತ್ತಿಗೆ ಕುಟ್ಟಿ, ರಾಜೀನಾಮೆ ಅಂಗೀಕಾರವಾಯಿತೆಂದು ಸಾರಿದ. ಜನ ಕೋಟು ಹಾಕಿಕೊಂಡು ಹೊರಡತೊಡಗಿದರು. ಲಿನಿಯಾ ಇನ್ನೂ ಕೈ ಇಳಿಸಿರಲಿಲ್ಲ.