ಅಡಿಗೆ ಆರುನೂರು ಟನ್

ಶಹಾಬಾದಿನಿಂದ ವಾಡಿಗೆ ಹೋಗುವ ರೈಲುಹಳಿಯ ಬಲಕ್ಕೆ ಎರಡು ಸುಣ್ಣಕಲ್ಲಿನ ಖಣಿಗಳಿದ್ದವು. ಹಳೆಯದರಲ್ಲಿ ನೀರು ನಿಂತಿತ್ತು, ಹೊಸದರಲ್ಲಿ ಕೆಲಸ ನಡೆದಿತ್ತು. ನಡುವೆ ಒಂದು ಕಲ್ಲಿನ ಗೋಡೆ. ಕಟ್ಟಿದ್ದಲ್ಲ, ಕಡಿಯದೆ ಬಿಟ್ಟದ್ದು. ಅದರ ಬುಡದಲ್ಲಿ ಫಕೀರಸಾಬ ತನ್ನ ಆಳುಗಳನ್ನು ಕಟ್ಟಿಕೊಂಡು ಸಿಡಿಮದ್ದು ತುಂಬಲು ಕಲ್ಲಿಗೆ ತೂತು ಕೊರೆಯುತ್ತಿದ್ದ. ಅವನ ತಮ್ಮ ಚಾಂದ್ ಮೇಲಿನ ಸಿಮೆಂಟ್ ಫ್ಯಾಕ್ಟರಿಯ ಆಫೀಸಿನಲ್ಲಿ ಗುಮಾಸ್ತ.

ಅದು ಎಪ್ಪತ್ನಾಲ್ಕರ ಬೇಸಿಗೆ. ಚಾಂದ್ ಅಂಚೆಯಲ್ಲಿ ಪಾಠ ತರಿಸಿಕೊಂಡು ಲೀನಿಯರ್ ಪ್ರೋಗ್ರಾಮಿಂಗ್ ಓದುತ್ತಿದ್ದ. ಕಲ್ಲು ಇಷ್ಟು, ಲಾರಿ ಇಷ್ಟು, ಯಂತ್ರ ಇಷ್ಟು ಎಂದು ಮೊದಲು ಹದ್ದು ಹಾಕಿಕೊಂಡು, ಆ ಹದ್ದಿನೊಳಗೆ ಅತಿ ಹೆಚ್ಚು ಎಷ್ಟು ದಕ್ಕೀತು ಎಂದು ಕಂಡುಹಿಡಿಯುವ ವಿದ್ಯೆ ಅದು. ಮೊಹರಮ್ಮಿನ ರಿವಾಯತ ಪದ ಕೇಳುತ್ತ ಬೆಳೆದವನಿಗೆ ಆ ಸಾಲುಗಳೂ ಪದದ ಹಾಗೆಯೇ ಬಾಯಿಗೆ ಹತ್ತಿದವು. ಕಲಿತದ್ದನ್ನು ತಮ್ಮದೇ ಖಣಿಯ ಮೇಲೆ ಮಾಡಿ ನೋಡುವ ಉಮೇದು ಬಂತು.

"ಭಾಯಿ, ಆ ಗೋಡಿ ಎಷ್ಟು ಬಿಡಬೇಕು?"

"ಮೂವತ್ತಡಿ ಅಂತ ಬರಿ. ಮೊದಲಿಂದ ಹಂಗೇ ಬಿಟ್ಟಾರ," ಎಂದ ಫಕೀರಸಾಬ.

ಚಾಂದ್ ಅದನ್ನೂ ಒಂದು ಹದ್ದಾಗಿ ಬರೆದ. ಕೊನೆಗೆ, ಯಾವ ಹದ್ದನ್ನು ಚೂರು ಸಡಿಲಿಸಿದರೆ ಎಷ್ಟು ಲಾಭ ಎಂಬ ಲೆಕ್ಕವನ್ನೂ ತೆಗೆದ. ಗೋಡೆಯ ಸಾಲಿನೆದುರು ಬಂದದ್ದು, ಅಡಿಗೆ ಆರುನೂರು ಟನ್. ಶಾಭಾಸ್ ಅನ್ನಿಸಿಕೊಳ್ಳುವ ಆಸೆಯಿಂದ ಹಾಳೆಯನ್ನು ಖಣಿ ಮ್ಯಾನೇಜರ್ ನಾಗೇಂದ್ರಪ್ಪನವರ ಮುಂದಿಟ್ಟ.

ಅವರ ಬೆರಳು ಸಾಲು ಸಾಲಾಗಿ ಇಳಿದು ಅಲ್ಲಿಗೆ ಬಂದು ನಿಂತಿತು.

"ಈ ಮೂವತ್ತು ಎಲ್ಲಿಂದ ಬಂತೋ?"

"ಜನ ಹೇಳ್ತಾರ್ರಿ ಸಾಹೇಬ್ರ."

"ಜನ ಹೇಳ್ತಾರ. ಹಂಗಾದ್ರ ಇಪ್ಪತ್ತೊಂಬತ್ತು ಮಾಡಿದ್ರ ಯಾರ ಗಂಟು ಹೋಗ್ತದ?"

ಚಾಂದ್ ಮೂವತ್ತನ್ನು ಹೊಡೆದುಹಾಕಿದ. ಇಪ್ಪತ್ತೊಂಬತ್ತು ಬರೆದ. ಹೆಚ್ಚಿಗೆ ಬಂದ ಕಲ್ಲನ್ನು ನಂಬಿ ಫ್ಯಾಕ್ಟರಿ ಹೊಸ ಆರ್ಡರು ಹಿಡಿಯಿತು. ಆರ್ಡರು ತೀರಿಸಲು ಇನ್ನೊಂದಡಿ ಬೇಕಾಯಿತು, ಆಮೇಲೆ ಮತ್ತೊಂದು. ಗೋಡೆ ಸವೆದಷ್ಟೂ ಹಾಳೆ ಚೆಂದ ಕಾಣತೊಡಗಿತು. ಅದರಲ್ಲಿ ಕಲ್ಲಿತ್ತು, ಲಾರಿಯಿತ್ತು. ಗೋಡೆಯಾಚೆಯ ನೀರು ಮಾತ್ರ ಇರಲಿಲ್ಲ.

ಮಳೆ ಹಿಡಿದು ಹಳೆ ಖಣಿ ಕಂಠಮಟ್ಟ ತುಂಬುವ ಹೊತ್ತಿಗೆ ಗೋಡೆ ಹದಿನೆಂಟಡಿಗೆ ಬಂದಿತ್ತು. ಚಾಂದ್ ದಿನಾ ಹೋಗಿ ಆ ನೀರಿನ ಮಟ್ಟ ನೋಡತೊಡಗಿದ. ಒಂದು ಮುಂಜಾನೆ ಕೆಳಗಿಳಿದು ಅಣ್ಣನ ತೋಳು ಹಿಡಿದ.

"ಭಾಯಿ, ಎಲ್ಲಾರನೂ ಕರಕೊಂಡು ಮ್ಯಾಲ ನಡಿ. ಇಲ್ಲಿ ಕೊರಿಬ್ಯಾಡ."

ಫಕೀರಸಾಬ ನಕ್ಕ. "ನಿನ್ನೆ ಇವರೆಲ್ಲಾ ಒಲ್ಲೆ ಅಂತ ಕುಂತಿದ್ರು. ಸಾಹೇಬ್ರು ಬಂದು, ನಿಮ್ಮ ಚಾಂದ್ ಲೆಕ್ಕ ಮಾಡ್ಯಾನ, ಯಾಕ ಅಂಜ್ತೀರಿ ಅಂದ್ರು. ನಿನ್ನ ಹೆಸರಿನ ಮ್ಯಾಲ ಇಳದೀವಿ. ಈಗ ನೀನೇ ಅಂಜಾಕತ್ತಿ? ಬಾಯಿಮಾತಿಗೆ ಮ್ಯಾಲ ಹೋದ್ರ ಹಾಜರಿ ಹೋಗ್ತದ. ಸಾಹೇಬ್ರ ಕಡಿಂದ ಬರಸ್ಕೊಂಡು ಬಾ."

ಚಾಂದ್ ಆಫೀಸಿಗೆ ಹೋಗಿ ಹೊಸ ಹಾಳೆ ತೆಗೆದ. ಗೋಡೆಗೆ ಮತ್ತೆ ಮೂವತ್ತು ಹಾಕಿದ. ಕಡಿದುಹೋದ ಕಲ್ಲನ್ನು ಎಲ್ಲಿಂದ ತರುವುದು? ಅಲ್ಲಿ ಕೊರೆಯುವುದೇ ಬೇಡ ಎಂದು ಸೊನ್ನೆ ಹಾಕಿದ. ಹಿಡಿದ ಆರ್ಡರು ತೀರುವಂತಿರಲಿಲ್ಲ. ಹೇಗೆ ಹಾಕಿದರೂ ಲೆಕ್ಕ ಒಂದೇ ಮಾತು ಹೇಳಿತು: ಪರಿಹಾರವಿಲ್ಲ.

"ಉತ್ತರ ಇಲ್ಲದ ಹಾಳಿಗೆ ನಾ ಹೆಂಗ ಸಹಿ ಮಾಡ್ಲಿ?" ಎಂದರು ನಾಗೇಂದ್ರಪ್ಪ, ಸಿಟ್ಟಿಲ್ಲದೆ. "ಹದಿನೇಳು ಹಾಕು. ಉತ್ತರ ಬರ್ತದ."

ಚಾಂದ್ ಪೆನ್ನು ಮೇಜಿನ ಮೇಲಿಟ್ಟು ಖಣಿಗೆ ವಾಪಸಾದ.

"ತಂದ್ಯಾ?" ಎಂದ ಅಣ್ಣ.

"ಇಲ್ಲ. ನೀರಿನ ಲೆಕ್ಕ ನಾ ಮಾಡೇ ಇಲ್ಲ, ಭಾಯಿ. ನನಗ ಬರಂಗೂ ಇಲ್ಲ."

ಹಾಗೆಂದವನೇ ಯಂತ್ರದ ಮೊನೆ ತಾಗಬೇಕಾದಲ್ಲೇ ಗೋಡೆಗೆ ಬೆನ್ನು ಕೊಟ್ಟು ಕೂತುಬಿಟ್ಟ.

"ಏಳೋ ಹುಚ್ಚಪ್ಯಾಲಿ."

ಅವನು ಏಳಲಿಲ್ಲ. ಫಕೀರಸಾಬ ಬೇಸರದಿಂದ ಯಂತ್ರ ನಿಲ್ಲಿಸಲು ಕೈ ಮಾಡಿದ. ಖಣಿ ಗಪ್ಪಾಯಿತು. ಆಗ ಕಲ್ಲಿನೊಳಗಿಂದ ಕೇಳಿಸಿತು: ಪಕ್ಕದ ಕೋಣೆಯಲ್ಲಿ ಯಾರೋ ಕೊಡದಿಂದ ಕೊಡಕ್ಕೆ ನೀರು ಹೊಯ್ಯುತ್ತಿರುವ ಹಾಗೆ.

ಫಕೀರಸಾಬ ತಮ್ಮನ ರಟ್ಟೆ ಹಿಡಿದು ಎಬ್ಬಿಸಿದ. ಅಂಗಿಯ ಬೆನ್ನು ಪೂರಾ ಒದ್ದೆಯಾಗಿತ್ತು. ಮೇಲೇರುವ ದಾರಿ ಖಣಿಯ ಆ ತುದಿಗಿತ್ತು. ಎಲ್ಲರೂ ಮೆಲ್ಲಗೆ ನಡೆಯತೊಡಗಿದರು, ಓಡಿದರೆ ಗೋಡೆಗೆ ಕೇಳಿಸೀತು ಎಂಬಂತೆ.