ಹಿಂದಿನ ಸೀಟು

ಅವಳ ತಮ್ಮನ ಪ್ರವಾಸ ಕಚೇರಿಯ ಮೇಜಿನ ಮೇಲೆ ಯುರೋಪಿನ ನಕ್ಷೆ ಹರಡಿತ್ತು. ಗಂಡ ಮೂಗು ತಾಗುವಷ್ಟು ಬಗ್ಗಿ, ಸ್ವಿಟ್ಜರ್‌ಲೆಂಡಿನ ಬೆಟ್ಟಗಳ ನಡುವೆ ಸುತ್ತಿ ಸುತ್ತಿ ಏರುವ ಒಂದು ರಸ್ತೆಯ ಮೇಲೆ ಬೆರಳಿಟ್ಟ.

"ಇದೇ. ಇನ್ನು ಬೇರೆ ಮಾತಿಲ್ಲ."

ಅವಳು ಪಕ್ಕದಲ್ಲೇ ಕೂತಿದ್ದಳು. ಬೆಳಗಿನ ಪಾಳಿ ಮುಗಿಸಿ, ಸಿಟಿ ಬಸ್ಸಿನ ಸ್ಟಿಯರಿಂಗ್ ಬಿಟ್ಟು ನೇರವಾಗಿ ಇಲ್ಲಿಗೆ ಬಂದವಳು. ಮೈಮೇಲಿನ್ನೂ ಡ್ರೈವರ್ ಸಮವಸ್ತ್ರವಿತ್ತು. ಮನೆಯಲ್ಲೇ ಎಲ್ಲ ಮಾತಾಡಿಕೊಂಡು ಬಂದಿದ್ದರು. ಡಾನ್ಯೂಬ್ ನದಿಯ ದಂಡೆಯ ಸಪಾಟು ದಾರಿ, ಇಬ್ಬರೂ ಕೂರುವ ಜೋಡಿ ಸೈಕಲ್, ಮುಂದೆ ಅವಳು, ಹಿಂದೆ ಅವನು. "ಹ್ಞೂಂ" ಅಂದಿದ್ದ. ಈಗ ತಮ್ಮನ ಎದುರು ಆ "ಹ್ಞೂಂ" ಗಾಳಿಗೆ ಹೋಗಿತ್ತು.

"ಭೇಷ್ ಭಾವ! ಈ ವಯಸ್ಸಲ್ಲೂ ಏನು ಧೈರ್ಯ!" ಎಂದ ತಮ್ಮ. "ಹಾಗಾದ್ರೆ ಒಬ್ಬೊಬ್ಬರಿಗೆ ಒಂದೊಂದು ಸೈಕಲ್ ಬರೀಲಾ?"

"ಮತ್ತಿನ್ನೇನು? ಇಳಿಯುವಾಗ ನಾನು ಮುಂದೆ. ನಿಮ್ಮಕ್ಕ ನಿಧಾನಕ್ಕೆ ಬರ್ತಾಳೆ."

"ಇವರಿಗೆ ಪಕ್ಕ ಕಾಣಲ್ಲ ಕಣೋ," ಎಂದುಬಿಟ್ಟಳು ಅವಳು.

ತಮ್ಮನ ಪೆನ್ನು ನಿಂತಿತು.

"ಕೊಳವೆ ಒಳಗಿಂದ ನೋಡಿದ ಹಾಗೆ ಕಾಣುತ್ತೆ. ನೇರ ಎದುರಿಗಿದ್ದದ್ದು ಮಾತ್ರ. ಅದೂ ವರ್ಷ ವರ್ಷ ಕಿರಿದಾಗ್ತಾ ಬಂದಿದೆ. ಒಂಟಿ ಸೈಕಲ್ ಮುಟ್ಟಬೇಡಿ ಅಂತ ಡಾಕ್ಟರು ಹೇಳಾಗಿದೆ. ನಿಮ್ಮ ಭಾವ ಊರಿಗೆಲ್ಲ ಮುಚ್ಚಿಟ್ಟಿದ್ದಾರೆ."

ಗಂಡ ನಿಧಾನವಾಗಿ ಎದ್ದ. ಅವನು ಬಣ್ಣದ ಅಂಗಡಿಯಲ್ಲಿ ಗಿರಾಕಿ ತಂದ ಚೂರು ಬಟ್ಟೆಗೆ ಸರಿಯಾಗಿ ಬಣ್ಣ ಬೆರೆಸಿ ಕೊಡುವವನು; ಕಣ್ಣಿನ ವಿಷಯದಲ್ಲಿ ಯಾರೂ ಅವನಿಗೆ ಬೆರಳು ತೋರಿಸಿದ್ದಿಲ್ಲ. ಬಾಗಿಲ ಕಡೆ ನಡೆದ. ಪಕ್ಕದಲ್ಲಿದ್ದ ಕುರ್ಚಿಗೆ ಮೊಣಕಾಲು ಬಡಿದು ಕುರ್ಚಿ ಮಗುಚಿತು. ಅದನ್ನು ಎತ್ತಲೂ ಇಲ್ಲ, ತಿರುಗಿ ನೋಡಲೂ ಇಲ್ಲ.

ಮನೆಗೆ ಬಂದ ಮೇಲೆ ಶುರುವಾಯಿತು.

"ಹೆಂಡತಿಯಾದವಳು ಗಂಡನ ಮಾನ ನಡುಬೀದೀಲಿ ಹರಾಜು ಹಾಕ್ತಾಳಾ?"

"ಬೀದಿಯಲ್ಲ, ನನ್ನ ತಮ್ಮನ ಆಫೀಸು. ಬೀದೀಲಿ ನೀವು ಬಿದ್ದ ದಿನ ಯಾರ ಮಾನ ಹೋಗುತ್ತೆ?"

"ಬೀಳೋದು ನಾನು! ನಿನ್ನ ಗಂಟೇನು ಹೋಗುತ್ತೆ?"

"ಕೇಳಿ ಇಲ್ಲಿ. ಎಡಗಡೆ ಕನ್ನಡಿ ಒಡೆದಿದ್ರೆ ನಾನು ಬಸ್ಸನ್ನ ಡಿಪೋದಿಂದ ಹೊರಗೇ ತೆಗೆಯಲ್ಲ. ನಿಮ್ಮವು ಎರಡೂ ಕನ್ನಡಿ ಒಡೆದಿವೆ. ಅದಿಟ್ಕೊಂಡು ಆಲ್ಪ್ಸ್ ಇಳೀತೀನಿ ಅಂತೀರಲ್ಲ!"

ಅವನು ಕೈಯಲ್ಲಿದ್ದ ಲೋಟವನ್ನು ಸಿಂಕಿಗೆ ಎಸೆದ ಸದ್ದಿಗೆ ಮೇಲಿನ ಮನೆಯವರು ಕಿಟಕಿ ಮುಚ್ಚಿಕೊಂಡರು.

ಮರುದಿನ ತಮ್ಮ ಫೋನ್ ಮಾಡಿದ. ದನಿ ಜೇನಿನಂತಿತ್ತು. "ಅಕ್ಕಾ, ರಾತ್ರಿಯೆಲ್ಲ ಯೋಚನೆ ಮಾಡಿದೆ. ಭಾವನ ಕಣ್ಣಿರೋವಾಗಲೇ ಎಲ್ಲಾ ತೋರಿಸಿಬಿಡೋಣ. ಪ್ಯಾರಿಸ್, ವಿಯೆನ್ನಾ, ಹಾಲೆಂಡಿನ ಹೂವಿನ ಹೊಲ, ಸ್ವಿಸ್ ಸರೋವರ. ಒಳ್ಳೇ ಬಸ್ಸು, ಹಿಂದೆ ಸೈಕಲ್ ಕಟ್ಕೊಂಡಿರ್ತಾರೆ. ಬೇಕಾದ ಕಡೆ ಇಳಿದು ಸ್ವಲ್ಪ ತುಳಿಯೋದು, ಫೋಟೋ ಹೊಡೆಯೋದು, ಹತ್ತೋದು."

ಫೋನಿನ ಸ್ಪೀಕರ್ ಹಾಕಿದ್ದು ಅವಳ ತಪ್ಪು. ಗಂಡ ಎದುರಿಗೇ ಕೂತಿದ್ದ.

"ಏನೋ ಅದು? ನನ್ನ ಕಣ್ಣಿಗೆ ಬೀಳ್ಕೊಡುಗೆ ಸಮಾರಂಭಾನಾ? ಹಾರ ತುರಾಯಿನೂ ತರ್ತೀಯಾ?" ಎಂದು ಗುಡುಗಿದ.

"ಅಯ್ಯೋ ಭಾವ, ನಾನು ಒಳ್ಳೇದಕ್ಕೆ..."

"ನಿನ್ನ ಒಳ್ಳೇದನ್ನ ನೀನೇ ಇಟ್ಕೋ!"

ಆ ಒಂದು ಮಾತಿನಲ್ಲಿ ಅವಳು ಗಂಡನ ಕಡೆಗೇ ಇದ್ದಳು. ಅವಳಿಗೂ ಮೈ ಉರಿದಿತ್ತು. ಆದರೆ ಅದನ್ನು ಹೇಳಿದರೆ ಅವನು ಗೆದ್ದೆನೆಂದುಕೊಳ್ಳುತ್ತಾನೆಂದು ಸುಮ್ಮನೆ ಫೋನ್ ಇಟ್ಟಳು.

ಆ ವಾರವೇ, ಮಾರುಕಟ್ಟೆಯ ಹಿಂದಿನ ಕೂಡುರಸ್ತೆಯಲ್ಲಿ ಅದು ಆಯಿತು. ಮಧ್ಯಾಹ್ನದ ಬಿಸಿಲು. ಬಸ್ಸಿನ ತುಂಬ ಜನ. ಹಸಿರು ದೀಪ ಬಿತ್ತು, ಅವಳು ಗೇರ್ ಹಾಕಿ ಬಸ್ಸನ್ನು ಮುಂದಕ್ಕೆ ತಂದಳು. ಪಕ್ಕದ ಗಲ್ಲಿಯಿಂದ ಒಂದು ಸೈಕಲ್ ಸೀದಾ ಬಸ್ಸಿನ ಮೂತಿಗೇ ಬಂತು. ಸವಾರ ತಲೆಯನ್ನು ಕೂದಲೆಳೆಯಷ್ಟೂ ಇತ್ತ ತಿರುಗಿಸಲಿಲ್ಲ. ಅವಳು ಇಡೀ ದೇಹದ ಭಾರವನ್ನು ಬ್ರೇಕಿನ ಮೇಲೆ ಹಾಕಿದಳು. ನಿಂತಿದ್ದವರು ಒಬ್ಬರ ಮೇಲೊಬ್ಬರು ಬಿದ್ದರು. ಯಾರದೋ ಊರುಗೋಲು ಉರುಳಿಕೊಂಡು ಅವಳ ಕಾಲ ಬಳಿ ಬಂತು.

ಅವಳು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ಎಲ್ಲ ಡ್ರೈವರುಗಳೂ ಬೈಯುವ ಹಾಗೆಯೇ ಬೈದಳು: "ಏಯ್! ಕಣ್ಣು ಕಾಣಲ್ವೇನೋ ನಿಂಗೆ?"

ಸವಾರ ಕಾಲೂರಿ ನಿಂತು ಗಾಬರಿಯಿಂದ ಅತ್ತಿತ್ತ ನೋಡಿದ. ಗಂಡ.

ಅವಳು ಹ್ಯಾಂಡ್‌ಬ್ರೇಕ್ ಎಳೆದು ಕೆಳಗಿಳಿದಳು. ಹಿಂದೆ ಸಾಲುಗಟ್ಟಿದ ವಾಹನಗಳು ಒಂದೇ ಸಮನೆ ಹಾರನ್ ಹೊಡೆಯುತ್ತಿದ್ದವು. ಬಸ್ಸಿನ ಜನ ಕಿಟಕಿಗಳಿಗೆ ಮುಖ ಅಂಟಿಸಿದ್ದರು.

"ನೀನಾ?" ಎಂದ ಅವನು. ಆಮೇಲೆ ಕೇಳಿದ: "ಬಸ್ಸು ಎಲ್ಲಿತ್ತು?"

ಮನೆಯಷ್ಟು ದೊಡ್ಡ ಬಸ್ಸು. ಅವನ ಭುಜದಿಂದ ಒಂದು ಗೇಣು ದೂರದಲ್ಲಿ ಅದರ ಮೂತಿ ಬಿಸಿ ಉಸಿರು ಬಿಡುತ್ತಿತ್ತು. ಅವಳು ಅವನ ಗಲ್ಲ ಹಿಡಿದು ಮುಖವನ್ನು ಅತ್ತ ತಿರುಗಿಸಿದಳು. "ಇಲ್ಲಿ! ಇಲ್ಲಿತ್ತು! ಕೊಂದೇಬಿಡ್ತಿದ್ದೆ ನಿಮ್ಮನ್ನ. ನನ್ನ ಕೈಯಾರೆ ಕೊಲ್ಲಿಸ್ತಿದ್ರಿ! ಆಮೇಲೆ ನಾನು ಹೇಗ್ರೀ ಬದುಕಬೇಕಿತ್ತು? ಅದೊಂದು ಯೋಚನೆ ಮಾಡಿದ್ರಾ ಯಾವತ್ತಾದ್ರೂ?"

"ಮೇಡಂ, ಹೋಗ್ಲಿ ಬಿಡಿ, ಪಾಪ ಯಾರೋ," ಎಂದರು ಬಾಗಿಲಲ್ಲಿ ನಿಂತಿದ್ದ ಒಬ್ಬರು.

"ಯಾರೋ ಅಲ್ಲ, ನನ್ನ ಗಂಡ!" ಎಂದು ಅವರ ಮೇಲೂ ಹರಿಹಾಯ್ದು, ಅವನ ಸೈಕಲ್ಲನ್ನು ಕಸಿದು ಪಾದಚಾರಿ ದಾರಿಯ ಕಂಬಕ್ಕೆ ಒರಗಿಸಿ, ಮತ್ತೆ ಬಸ್ಸು ಹತ್ತಿದಳು. ಕೊನೆಯ ನಿಲ್ದಾಣದವರೆಗೆ ಬಸ್ಸಿನಲ್ಲಿ ಒಬ್ಬರೂ ಕೆಮ್ಮಲಿಲ್ಲ.

ಅವನು ಆ ದಿನ ಸೈಕಲ್ ತಳ್ಳಿಕೊಂಡೇ ಮನೆಗೆ ಬಂದ. ಆಮೇಲೆ ಇಬ್ಬರಿಗೂ ಮಾತಿಲ್ಲ. ಅವನು ಅಡುಗೆಮನೆಯಲ್ಲಿ ಉಂಡರೆ ಅವಳು ಹಜಾರದಲ್ಲಿ. ಕ್ಷಮೆ ಕೇಳುತ್ತಾನೆಂದು ಅವಳು ಕಾದಳು. ಕೇಳಿದರೆ ಏನು ಬೈಯಬೇಕೆಂದು ಸಿದ್ಧ ಮಾಡಿಕೊಂಡೂ ಇದ್ದಳು. ಅವನು ಕೇಳಲಿಲ್ಲ.

ಕೊನೆಗೊಂದು ಸಂಜೆ ಅವನು ಹೊರಗಿನಿಂದ ಬಂದು, ಷೂ ಬಿಚ್ಚುತ್ತ, ಗೋಡೆಗೆ ಹೇಳುವವನಂತೆ ಹೇಳಿದ. "ನಿನ್ನ ತಮ್ಮನ ಆಫೀಸಿಗೆ ಹೋಗಿದ್ದೆ. ನಡ್ಕೊಂಡು. ಜೋಡಿ ಸೈಕಲ್ ಹೇಳಿ ಬಂದಿದ್ದೀನಿ."

ಅವಳು ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟಳು. "ಡಾನ್ಯೂಬಿಗಾ?"

"ಅಲ್ಲ. ಇಟಲಿಗೆ. ಟಸ್ಕನಿ."

"ಅಲ್ಲಿ ಬರೀ ಏರಿಳಿತ ಅಂತಾರಲ್ರೀ!"

"ಅದಕ್ಕೇ," ಎಂದು ಅವನು ದನಿಯೇರಿಸಿದ. "ಸಪಾಟು ದಾರೀಲಿ ಹಿಂದೆ ಕೂತ್ರೆ ನಾನೊಂದು ಮೂಟೆ. ನೀನು ಎಳ್ಕೊಂಡು ಹೋಗ್ತೀಯ, ಜನ ಅಯ್ಯೋ ಪಾಪ ಅಂತಾರೆ. ಏರಿನಲ್ಲಿ ಹಾಗಾಗಲ್ಲ. ಏರಿನಲ್ಲಿ ನನ್ನ ಕಾಲು ಇಲ್ದೆ ನಿನ್ನ ಕೈಲಿ ಒಂದು ಮಾರೂ ಆಗಲ್ಲ. ಕಣ್ಣು ಹೋಗಲಿ, ಕಾಲು ಇದೆಯಲ್ಲ ನನಗೆ?"

ಅವಳು ಅಷ್ಟು ದಿನ ನಕ್ಷೆ ಮುಂದಿಟ್ಟುಕೊಂಡು ಎಲ್ಲಿ ಏರಿಲ್ಲ, ಎಲ್ಲಿ ತಿರುವಿಲ್ಲ, ಎಲ್ಲಿ ಆಸ್ಪತ್ರೆ ಹತ್ತಿರ ಎಂದು ಹುಡುಕಿದ್ದಳು. ಅವನು ಎಲ್ಲಿ ಬೇಕಾಗುತ್ತಾನೆ ಎಂದು ಹುಡುಕಿರಲಿಲ್ಲ.

"ಒಂದು ಮಾತು," ಎಂದಳು. "ಮುಂದೆ ಕೂರೋಳು ನಾನು. ಬ್ರೇಕ್ ನನ್ನದು. ಹಿಂದಿನಿಂದ ಉಪದೇಶ ಬೇಡ."

"ನೋಡೋಣ," ಎಂದ.

ನೋಡುವುದಕ್ಕೆ ಏನೂ ಇರಲಿಲ್ಲ. ಉಪದೇಶ ಬಂದೇ ಬಂತು. ಟಸ್ಕನಿಯ ಬಿಳಿ ಜಲ್ಲಿಯ ದಾರಿಯಲ್ಲಿ ಮೊದಲ ದಿನವೇ ಹಿಂದಿನ ಸೀಟಿನಿಂದ "ನಿಧಾನ", "ಗೇರ್ ಇಳಿಸು", "ಏನು ಬಂತು ಎದುರಿಗೆ", "ಯಾಕೆ ಅಲುಗಾಡಿಸ್ತೀಯ" ಎಂದು ಒಂದೇ ಸಮ. ದಾರಿಯ ಎರಡೂ ಕಡೆ ದ್ರಾಕ್ಷಿ ತೋಟ, ದಿಬ್ಬದ ಮೇಲೆ ಕಲ್ಲಿನ ಊರು. ಅವಳಿಗೆ ಯಾವುದೂ ರುಚಿಸಲಿಲ್ಲ. ಒಂದು ಉದ್ದನೆಯ ಇಳಿಜಾರಿನಲ್ಲಿ ಸೈಕಲ್ ವೇಗ ಹಿಡಿದಾಗ ಅವನು "ಬ್ರೇಕ್! ಬ್ರೇಕ್!" ಎಂದು ಕಿರುಚಿ ಮೈಯನ್ನು ಒಂದು ಪಕ್ಕಕ್ಕೆ ವಾಲಿಸಿದ. ಸೈಕಲ್ ಹೊಯ್ದಾಡಿ ಅಂಚಿನ ಹುಲ್ಲಿಗೆ ನುಗ್ಗಿ ನಿಂತಿತು.

ಅವಳು ಹೆಲ್ಮೆಟ್ ಕಿತ್ತು ನೆಲಕ್ಕೆ ಕುಕ್ಕಿದಳು. "ಬಸ್ಸಿನ ತುಂಬ ಜನ ನನ್ನ ನಂಬಿ ನಿದ್ದೆ ಮಾಡ್ತಾರೆ! ಕಟ್ಕೊಂಡ ಗಂಡನಿಗೆ ಮಾತ್ರ ನಂಬಿಕೆ ಇಲ್ಲ! ಇಳೀರಿ. ನಡ್ಕೊಂಡು ಬನ್ನಿ ಇಟಲಿ ಪೂರ್ತಿ!"

ಅವನು ಇಳಿಯಲಿಲ್ಲ. ಎರಡೂ ಕೈಯಿಂದ ಹಿಂದಿನ ಹಿಡಿಕೆಯನ್ನು ಬಿಗಿಯಾಗಿ ಹಿಡಿದೇ ಕೂತಿದ್ದ.

"ನಂಬಿಕೆ ಇಲ್ಲ ಅಂತಲ್ಲ ಕಣೇ," ಎಂದ. "ನನಗೆ ನಿನ್ನ ಬೆನ್ನು ಬಿಟ್ಟು ಏನೂ ಕಾಣ್ತಿಲ್ಲ. ತಿರುವು ಬಂದದ್ದು ಸೈಕಲ್ ವಾಲಿದಾಗಲೇ ಗೊತ್ತಾಗುತ್ತೆ. ಜೀವ ಬಾಯಿಗೆ ಬರುತ್ತೆ. ಭಯ ಆಗುತ್ತೆ ನನಗೆ."

ಇಷ್ಟು ವರ್ಷದಲ್ಲಿ ಆ ಪದ ಅವನ ಬಾಯಿಂದ ಬಂದದ್ದನ್ನು ಅವಳು ಕೇಳಿರಲಿಲ್ಲ. ಸಿಟ್ಟು ಇಳಿಯಲಿಲ್ಲ, ಇಳಿಯುವಂಥದ್ದೂ ಅಲ್ಲ. "ಅದನ್ನ ಮೊದಲೇ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ದಾಡಿ?" ಎಂದು ರೇಗಿದಳು. ಹೆಲ್ಮೆಟ್ಟಿನ ಧೂಳು ಒರೆಸಿ ತಲೆಗೆ ಹಾಕಿಕೊಂಡಳು. "ತಿರುವಿಗೆ ಮೊದಲು ಕೂಗ್ತೀನಿ. ಬ್ರೇಕಿಗೆ ಮೊದಲೂ ಕೂಗ್ತೀನಿ. ಕೂಗಿದಾಗ ನನ್ನ ಜೊತೆ ವಾಲಬೇಕು, ಎದುರು ವಾಲಬಾರದು," ಎಂದಳು.

"ಆಯ್ತು."

"ಮತ್ತೆ ಬಾಯಿ ಮುಚ್ಕೊಂಡಿರಬೇಕು."

"ಅದು ಆಗಲ್ಲ."

ಅವಳು ಪೆಡಲಿನ ಮೇಲೆ ಕಾಲಿಟ್ಟಳು. ಮುಂದಿನ ತಿರುವಿಗೆ "ಎಡಾ!" ಎಂದು ಗಂಟಲು ಹರಿಯುವಂತೆ ಕೂಗಿದಳು, ಅದರಲ್ಲಿ ಅರ್ಧ ಸೂಚನೆ, ಅರ್ಧ ಬೈಗುಳ. ಹಿಂದಿನ ಭಾರ ಅವಳೊಂದಿಗೇ ಎಡಕ್ಕೆ ಬಾಗಿತು. ತಿರುವಿನಾಚೆ ದಾರಿ ಗೋಡೆಯಂತೆ ಎದ್ದು ನಿಂತಿತ್ತು.

"ಏರು ಬಂತು!" ಎಂದಳು.

"ಗೊತ್ತಾಯ್ತು, ಗೊತ್ತಾಯ್ತು," ಎಂದ ಅವನು. ಪೆಡಲುಗಳು ಅವಳ ಕಾಲ ಕೆಳಗೆ ತಾವಾಗಿಯೇ ಎಂಬಂತೆ ಜೋರಾಗಿ ತಿರುಗತೊಡಗಿದವು. ಅವಳು ಬೈಯುವುದಕ್ಕೆಂದು ಬಾಯಿ ತೆರೆದಳು. ಉಸಿರು ಸಾಲಲಿಲ್ಲ.